ಸುದ್ದಿ ನಮಗೆ ಪೊಟ್ಟಣವಾಗಿಯೇ ಬರಬೇಕೇ?



ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಬಳಗದ ಒಬ್ಬ ತಾಯಿ ಸಂತೆಯಿಂದ ಹುರಿಗಡಲೆ ಕಟ್ಟಿಸಿಕೊಂಡು ಲೈನ್ ಮನೆಗೆ ಬಂದರು. ಕಡಲೆ ಡಬ್ಬಿಗೆ ಹೋಯಿತು, ಕಟ್ಟಿದ ಕಾಗದ ನೆಲಕ್ಕೆ ಬಿತ್ತು. ಏಳನೆಯ ತರಗತಿಯಲ್ಲಿ ಓದುತ್ತಿದ್ದ ಮಗಳು ಅದನ್ನು ಎತ್ತಿಕೊಂಡು ಸುಕ್ಕು ಬಿಡಿಸಿ ಓದಿದಳು. ಕನಿಷ್ಠ ಕೂಲಿಯನ್ನು ಬದಲಾಯಿಸಲು ಸರ್ಕಾರ ಕರಡು ಹೊರಡಿಸಿದೆ, ಆಕ್ಷೇಪಣೆ ಇದ್ದವರು ಎರಡು ತಿಂಗಳೊಳಗೆ ಬರೆದು ಕಳಿಸಬಹುದು ಎಂದು ಅದರಲ್ಲಿ ಅಚ್ಚಾಗಿತ್ತು. ಮಗಳು ಮೇಲಿನ ತಾರೀಖು ನೋಡಿದಳು, ಬೆರಳು ಮಡಚಿ ಎಣಿಸಿದಳು. ಎರಡು ತಿಂಗಳು ಮುಗಿದು ಹದಿನಾರು ದಿನ ಕಳೆದಿತ್ತು.

"ಅಮ್ಮಾ, ನಮ್ಮನ್ನ ಕೇಳಿದ್ರಂತೆ. ನಾವೇ ಹೇಳ್ಲಿಲ್ಲ" ಎಂದಳು ಆ ಹುಡುಗಿ.

ಆ ಮಾತು ನಮ್ಮನ್ನು ಇಂದಿಗೂ ಚುಚ್ಚುತ್ತಿದೆ. ಈ ಎರಡು ತಿಂಗಳು ಯಾರೋ ದಯೆಯಿಂದ ಕೊಟ್ಟ ವಾಯಿದೆಯಲ್ಲ. 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ಅದು ಇತ್ತು. ಅದರ ಜಾಗಕ್ಕೆ ಬಂದಿರುವ 2019ರ ವೇತನ ಸಂಹಿತೆಯಲ್ಲಿಯೂ ಇದೆ. ಕೂಲಿ ಗೊತ್ತುಮಾಡಲು ಸರ್ಕಾರ ಸಮಿತಿಯನ್ನು ನೇಮಿಸಬೇಕು. ಇಲ್ಲವೇ ತನ್ನ ಪ್ರಸ್ತಾಪವನ್ನು ಪ್ರಕಟಿಸಿ, ಸಂಬಂಧಪಟ್ಟವರು ಮಾತಾಡಲು ಎರಡು ತಿಂಗಳಿಗೆ ಕಡಿಮೆಯಿಲ್ಲದ ಕಾಲ ಕೊಡಬೇಕು. ಸಂಬಂಧಪಟ್ಟವರು ಎಂದರೆ ಯಾರು? ಬಂಗಲೆಯವರು ಮಾತ್ರವೇ? ಬುಟ್ಟಿ ಕಟ್ಟಿಕೊಂಡು ಹಣ್ಣು ಕೊಯ್ಯುವವರು ಅಲ್ಲವೇ? ಬಂಗಲೆಗೆ ಆ ಸುದ್ದಿ ಅದೇ ದಿನ ಬೆಳಗಿನ ಕಾಫಿಯ ಜೊತೆ ಬಂದಿತ್ತು. ಲೈನಿಗೆ ಬರಲು ಎರಡೂವರೆ ತಿಂಗಳು ಬೇಕಾಯಿತು, ಅದೂ ಕಡಲೆ ಪೊಟ್ಟಣವಾಗಿ.

ಆದ್ದರಿಂದ ಈ ಸಂಚಿಕೆಯಲ್ಲಿ ನಾವು ಒಂದು ಸಣ್ಣ ವಸ್ತುವಿನ ಬಗ್ಗೆ ಬರೆಯುತ್ತೇವೆ. ಅದು ಬೀದಿ ಬದಿಯ ಪೇಪರ್ ಅಂಗಡಿ. ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ಮಾತೇಕೆ ಎನ್ನಬೇಡಿ. ಕೊನೆಯವರೆಗೂ ಓದಿ, ಆಮೇಲೆ ಹೇಳಿ.

ದಾರಿಯಲ್ಲಿ ಕಂಡದ್ದು

ನಮ್ಮ ಬಳಗದಲ್ಲಿ ಆಂಧ್ರದ ಗಡಿ ಸೀಮೆಯಿಂದ ಬಂದ ಮನೆಗಳೂ ಇವೆ. ಕೊಯ್ಲು ಮುಗಿದು ಯುಗಾದಿ ಹತ್ತಿರವಾದರೆ ಗಂಟುಮೂಟೆ ಕಟ್ಟಿ ಊರಿಗೆ ಹೊರಡುತ್ತಾರೆ. ತುಮಕೂರು ದಾಟಿ ಮಧುಗಿರಿಗೆ ಬಂದರೆ ದಾರಿ ಕವಲೊಡೆಯುತ್ತದೆ. ಒಂದು ಹಿಂದೂಪುರಕ್ಕೆ, ಇನ್ನೊಂದು ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ. ಹೋದ ಸಲ ನಮ್ಮಲ್ಲಿ ಕೆಲವರು ಅವರ ಜೊತೆಗೆ ಹೋಗಿ ಬಂದೆವು.

ಹಿಂದೂಪುರ ವ್ಯಾಪಾರದ ಊರು. ಹುಣಸೆ, ಬೆಲ್ಲ, ಒಣಮೆಣಸಿನಕಾಯಿ, ರೇಷ್ಮೆಗೂಡು ಅಲ್ಲಿ ಕೈ ಬದಲಾಗುತ್ತವೆ. ಕಲ್ಯಾಣದುರ್ಗದ್ದು ಕಡಲೆಕಾಯಿಯ ಹೊಲಗಳ ನಡುವಿನ, ಮಳೆ ನಂಬಿ ಕೂತ ಬದುಕು. ಎರಡೂ ಊರುಗಳಲ್ಲಿ ತೆಲುಗು ಸರ್ಕಾರದ ಭಾಷೆ. ಸಂತೆಯಲ್ಲಿ ತೆಲುಗು, ಕನ್ನಡ, ಉರ್ದು ಮೂರೂ ಓಡಾಡುತ್ತವೆ. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದವರು ಮನೆಗಳ ಒಳಗಿನ ಮಾತನ್ನು ಎರಡು ಪಾಲು ಮಾಡಲಾಗಲಿಲ್ಲ. ಮಡಕಶಿರಾ, ರಾಯದುರ್ಗದ ಕಡೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ಇಂದಿಗೂ ಇವೆ.

ಬಸ್ ನಿಲ್ದಾಣದ ಹೊರಗೆ ನಾವು ನಿಂತದ್ದು ಒಂದು ಬಂಕಿನ ಮುಂದೆ. ನಮ್ಮಲ್ಲಿ ಪೆಟ್ಟಿಗೆ ಅಂಗಡಿ ಎನ್ನುವುದನ್ನು ಅಲ್ಲಿ ಬಂಕು ಎನ್ನುತ್ತಾರೆ. ಮುಂದಿನ ಹಲಗೆಯ ಮೇಲೆ ತೆಲುಗು ದಿನಪತ್ರಿಕೆಗಳ ಅಡ್ಡಿ, ಗಾಳಿಗೆ ಹಾರದಂತೆ ಮೇಲೊಂದು ಕಲ್ಲು. ತಲೆಯ ಮೇಲೆ ಹಗ್ಗ, ಹಗ್ಗಕ್ಕೆ ಬಟ್ಟೆ ಒಣಗಿಸುವ ಕ್ಲಿಪ್ಪು, ಕ್ಲಿಪ್ಪಿಗೆ ವಾರಪತ್ರಿಕೆ, ಕೆಲಸದ ಜಾಹೀರಾತಿನ ಪತ್ರಿಕೆ, ಪಂಚಾಂಗ, ಮಕ್ಕಳ ಪುಸ್ತಕ. ಒಂದು ಮೂಲೆಯಲ್ಲಿ ನಾಲ್ಕೇ ನಾಲ್ಕು ಕನ್ನಡ ಪೇಪರು.

"ಇಷ್ಟೇನಾ ಅಣ್ಣಾ ಕನ್ನಡದ್ದು?" ಎಂದು ಕೇಳಿದೆವು.

"ಮೊದ್ಲು ಮೂವತ್ತು ಬರ್ತಿತ್ತು ಸ್ವಾಮಿ. ಈಗ ಕೇಳೋರಿಲ್ಲ. ಕೇಳಿದ್ರೆ ತರಿಸ್ತೀನಿ, ಕೇಳ್ದೆ ಹೆಂಗೆ ತರಿಸ್ಲಿ? ಉಳಿದದ್ದು ನನ್ನ ತಲೆ ಮೇಲೆ ಬೀಳ್ತದೆ."

ಈ ಮಾತಿನಲ್ಲಿ ಆ ವ್ಯಾಪಾರದ ಎಲ್ಲಾ ಲೆಕ್ಕವೂ ಇದೆ. ಊರು ಏಳುವ ಮೊದಲೇ ಕಟ್ಟು ಬಂದು ಬೀಳುತ್ತದೆ. ಅವನು ಕತ್ತಲಲ್ಲಿ ಎದ್ದು, ಎಣಿಸಿ, ಪುರವಣಿಗಳನ್ನು ಒಳಗೆ ಸೇರಿಸಿ, ಹಗ್ಗಕ್ಕೆ ಹಾಕಬೇಕು. ಒಂದು ಪ್ರತಿ ಮಾರಿದರೆ ಅವನ ಪಾಲಿಗೆ ಬರುವುದು ಬಿಡಿಕಾಸು. ಮಧ್ಯಾಹ್ನದ ಮೇಲೆ ಆ ಸರಕು ಹಳಸಿದಂತೆಯೇ. ಮಾರದೆ ಉಳಿದ ಪೇಪರು ಕೊನೆಗೆ ತೂಕಕ್ಕೆ ಹೋಗುತ್ತದೆ. ನಮ್ಮ ಮನೆಗೆ ಕಡಲೆಯ ಪೊಟ್ಟಣವಾಗಿ ಬರುವುದು ಅದೇ! ಬೆಳಿಗ್ಗೆ ನಾವು ಕೊಳ್ಳದೆ ಬಿಟ್ಟ ಸುದ್ದಿಯನ್ನು, ಬೆಲೆ ಹೋದ ಮೇಲೆ, ಉಪ್ಪು ಕಡಲೆಯ ಜೊತೆ ಮನೆಗೆ ಕರೆದುಕೊಳ್ಳುತ್ತಿದ್ದೇವೆ.

ನಾವು ಅಲ್ಲಿ ನಿಂತಿದ್ದ ಅರ್ಧ ಗಂಟೆಯಲ್ಲಿ ಕಾಸು ಕೊಟ್ಟು ಕೊಂಡವರು ಕೆಲವರೇ. ಓದಿದವರು ಬಹಳ ಜನ. ಹಮಾಲಿ ಕೆಲಸದ ಒಬ್ಬರು ತಲೆಗೆ ಟವೆಲ್ ಸುತ್ತಿಕೊಂಡು ಮೊದಲ ಪುಟದ ತಲೆಬರಹಗಳನ್ನು ತುಟಿ ಆಡಿಸುತ್ತಾ ಓದಿದರು. ಹಿಂದೆ ನಿಂತ ಅಕ್ಷರ ಬಾರದ ಮುದುಕ "ಏನಂತಪ್ಪಾ ಮಳೆ?" ಎಂದು ಕೇಳಿದ. ಇವರು ಓದಿ ಹೇಳಿದರು. ಅಂಗಡಿಯವನು ಬೇಡ ಎನ್ನಲಿಲ್ಲ. ಕಾಸಿಲ್ಲದವನಿಗೂ, ಅಕ್ಷರವಿಲ್ಲದವನಿಗೂ ಸುದ್ದಿ ಹಂಚುವ ಇಂಥ ಜಾಗ ಆ ಬೀದಿಯಲ್ಲಿ ಇನ್ನೊಂದು ಇರಲಿಲ್ಲ. ಬಡವನ ಓದುಮನೆ ಎಂದರೆ ಅದೇ. ಅದಕ್ಕೆ ಗೋಡೆಯಿಲ್ಲ, ಚಂದಾ ಇಲ್ಲ, ಚಪ್ಪಲಿ ಬಿಟ್ಟು ಒಳಗೆ ಬನ್ನಿ ಎನ್ನುವವರಿಲ್ಲ.

"ಒತ್ತುವರಿ" ಎನ್ನುವವರಿಗೆ

ಅದೇ ಪ್ರಯಾಣದಲ್ಲಿ ಇನ್ನೊಂದು ಊರನ್ನು ಹಾದು ಹೋದೆವು. ಊರಿನ ಹೆಸರು ಬೇಡ, ಇದು ಒಂದೇ ಊರಿನ ಕಥೆಯಲ್ಲ. ಅಲ್ಲಿ ಹಿಂದಿನ ವರ್ಷ ನಾವು ಪೇಪರ್ ಕೊಂಡಿದ್ದ ಜಾಗದಲ್ಲಿ ನಾಲ್ಕು ಇಟ್ಟಿಗೆ ಬಿದ್ದಿದ್ದವು. ರಸ್ತೆ ಅಗಲ ಮಾಡುತ್ತೇವೆ ಎಂದು ಬೆಳಗಿನ ಜಾವ ಬಂದು ಬಂಕನ್ನು ಎತ್ತಿಕೊಂಡು ಹೋದರಂತೆ. ಇಪ್ಪತ್ತು ವರ್ಷ ಅಲ್ಲಿ ಕೂತಿದ್ದ ಮನುಷ್ಯನಿಗೆ ಒಂದು ಚೀಟಿ ಇಲ್ಲ, ಒಂದು ದಿನದ ಮುನ್ಸೂಚನೆ ಇಲ್ಲ. ಬಂಕಿನ ಜೊತೆ ಅಂದಿನ ಪೇಪರಿನ ಕಟ್ಟೂ ಹೋಯಿತು. ಅವನ ಹೆಂಡತಿ ಈಗ ಬೇರೆಯವರ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾರೆ.

ರಸ್ತೆ ಅಗಲವಾಯಿತೇ? ಆ ಜಾಗದಲ್ಲಿ ಒಂದು ಕಾರು ನಿಂತಿತ್ತು. ಮೇಲೆ ಒಬ್ಬ ನಾಯಕರ ಹುಟ್ಟುಹಬ್ಬದ ಬ್ಯಾನರು ಹಾರಾಡುತ್ತಿತ್ತು.

ನಾವು ಕೇಳುತ್ತೇವೆ: ಆರು ಅಡಿಯ ಬಂಕು ಒತ್ತುವರಿಯಾದರೆ ಹದಿನಾಲ್ಕು ಅಡಿಯ ಕಾರು ಏನು? ಸುದ್ದಿ ತೂಗುಹಾಕಿದ ಹಗ್ಗ ದಾರಿಗೆ ಅಡ್ಡವಾದರೆ ನಾಯಕರ ಮುಖ ತೂಗುಹಾಕಿದ ಹಗ್ಗ ಅಡ್ಡವಲ್ಲವೇ? ಬೀದಿ ಎಲ್ಲರದು ಎಂದು ಹೇಳುವವರು, ಆ ಎಲ್ಲರಲ್ಲಿ ಬೀದಿಯಲ್ಲೇ ದುಡಿದು ತಿನ್ನುವವನನ್ನು ಎಣಿಸುವುದಿಲ್ಲವೇಕೆ?

ಇದು ಬರೀ ನಮ್ಮ ಕೋಪದ ಮಾತಲ್ಲ. ನಿಯಮಕ್ಕೊಳಪಟ್ಟು ಬೀದಿಯಲ್ಲಿ ವ್ಯಾಪಾರ ಮಾಡುವುದು ಸಂವಿಧಾನದ 19ನೆಯ ವಿಧಿಯು ಕೊಟ್ಟಿರುವ ಉದ್ಯೋಗದ ಹಕ್ಕಿನೊಳಗೆ ಬರುತ್ತದೆ ಎಂದು 1989ರಲ್ಲಿ ಸೋದನ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆಮೇಲೆ 25 ವರ್ಷ ಬೇಕಾಯಿತು ಅದಕ್ಕೊಂದು ಕಾಯ್ದೆ ಬರಲು. ಬೀದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆಯ ಆ ಕಾಯ್ದೆ 2014ರ ಮೇ 1ರಿಂದ ಜಾರಿಯಲ್ಲಿದೆ. ಅದು ಏನು ಹೇಳುತ್ತದೆ ಎಂಬುದನ್ನು ಪ್ರತಿಯೊಬ್ಬರೂ ನೆನಪಿಟ್ಟುಕೊಳ್ಳಬೇಕು. ಪೇಪರಿನವನಿಗೆ ಮಾತ್ರವಲ್ಲ, ಕೆಲಸ ಬಿಟ್ಟ ಮೇಲೆ ಪಟ್ಟಣದಲ್ಲಿ ಹೂವು, ಹಣ್ಣು ಮಾರುವ ನಮ್ಮ ತಾಯಂದಿರಿಗೂ ಇದು ಬೇಕಾದದ್ದು.

ಊರಿನ ಬೀದಿ ವ್ಯಾಪಾರಿಗಳ ಎಣಿಕೆ ಐದು ವರ್ಷಕ್ಕೊಮ್ಮೆಯಾದರೂ ನಡೆಯಬೇಕು. ಆ ಎಣಿಕೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಇದ್ದವರನ್ನು ಎಬ್ಬಿಸುವಂತಿಲ್ಲ. ಆಮೇಲೂ ಎಬ್ಬಿಸಬೇಕಾದರೆ 30 ದಿನದ ನೋಟೀಸು ಕೊಡಬೇಕು. ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಆರಿಸಿದ ವ್ಯಾಪಾರಿಗಳು ಇರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಹೆಂಗಸರು. ಸಾಮಾನು ಎತ್ತಿಕೊಂಡು ಹೋದರೆ ಪಟ್ಟಿ ಬರೆದು ಸಹಿ ಹಾಕಿ ಕೊಡಬೇಕು. ಅವರು ಕೇಳಿದಾಗ ಕೆಡದ ಸಾಮಾನನ್ನು ಎರಡು ಕೆಲಸದ ದಿನಗಳೊಳಗೆ, ಕೆಡುವ ಸಾಮಾನನ್ನು ಅದೇ ದಿನ ಹಿಂದಕ್ಕೆ ಕೊಡಬೇಕು.

ಪೇಪರು ಕೆಡುವ ಸಾಮಾನೋ ಅಲ್ಲವೋ? ಬಾಳೆಹಣ್ಣು ಎರಡು ದಿನ ತಡೆಯುತ್ತದೆ. ಬೆಳಗಿನ ಪೇಪರು ಸಂಜೆಗೆ ತಡೆಯುವುದಿಲ್ಲ. ಬಾಳೆಹಣ್ಣಿಗೆ ಸಿಕ್ಕುವ ಮರ್ಯಾದೆಯಾದರೂ ಪೇಪರಿನವನ ಕಟ್ಟಿಗೆ ಸಿಕ್ಕಬೇಡವೇ?

ಒಂದು ಮಾತು ಮಾತ್ರ ಗಮನದಲ್ಲಿರಲಿ. ರೈಲ್ವೆಯ ಜಾಗಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಹಿಂದೂಪುರದ ರೈಲು ನಿಲ್ದಾಣದ ಒಳಗೆ ಒಂದು ಲೆಕ್ಕ, ಹೊರಗಿನ ಬೀದಿಯಲ್ಲಿ ಇನ್ನೊಂದು ಲೆಕ್ಕ. ಕಾಯ್ದೆ ಇದೆ ಎಂದು ಅಂಗಡಿಯವನಿಗೆ ಧೈರ್ಯ ಹೇಳುವ ಮೊದಲು ಅವನು ಯಾವ ಜಾಗದಲ್ಲಿ ಕೂತಿದ್ದಾನೆ ಎಂದು ನೋಡಿ.

"ಫೋನಿನಲ್ಲಿ ಎಲ್ಲಾ ಬರುತ್ತದೆ" ಎನ್ನುವವರಿಗೆ

ಇನ್ನು ನಮ್ಮ ಹುಡುಗರ ವಾದ. "ಈಗ ಪೇಪರ್ ಯಾಕೆ ಮಾಮಾ? ಎಲ್ಲಾ ಫೋನಲ್ಲೇ ಇದೆಯಲ್ಲ" ಎನ್ನುತ್ತಾರೆ. ನಾವು ಫೋನಿನ ವೈರಿಗಳಲ್ಲ. ಆಸ್ಪತ್ರೆಗೆ ಗಾಡಿ ಕರೆಯಲು, ಊರಿನ ತಾಯಿಯ ಮುಖ ನೋಡಲು ಅದು ಬೇಕು. ಆದರೆ ಸುದ್ದಿಗೆ ಸಾಕೇ? ನಡೆದದ್ದನ್ನೇ ಹೇಳುತ್ತೇವೆ.

2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 29 ಹಳೆಯ ಕೇಂದ್ರ ಕಾಯ್ದೆಗಳ ಜಾಗದಲ್ಲಿ ಅವು ನಿಂತವು. ನಮ್ಮ ಅಪ್ಪ ಅಜ್ಜಂದಿರ ಕಾಲದಿಂದ ನಮಗೆ ಆಸರೆಯಾಗಿದ್ದ 1951ರ ತೋಟ ಕಾರ್ಮಿಕರ ಕಾಯ್ದೆಯೂ ಆ 29ರಲ್ಲಿ ಒಂದು. ತೋಟದವರಿಗೆ ಇದಕ್ಕಿಂತ ದೊಡ್ಡ ಸುದ್ದಿ ಎಪ್ಪತ್ತು ವರ್ಷದಲ್ಲಿ ಬಂದಿರಲಿಲ್ಲ. ಆ ವಾರ ಲೈನಿನ ಫೋನುಗಳಲ್ಲಿ ಏನು ಬಂತು? "ಇನ್ನು ಲೈನ್ ಮನೆ ಖಾಲಿ ಮಾಡಬೇಕಂತೆ" ಎಂದು ಒಂದು. "ಎಲ್ಲರಿಗೂ ಕೂಲಿ ದುಪ್ಪಟ್ಟಂತೆ" ಎಂದು ಇನ್ನೊಂದು. ಯಾರು ಬರೆದರು, ಯಾವ ದಿನ ಬರೆದರು, ಯಾವ ಊರಿನಿಂದ ಬರೆದರು ಎಂಬ ಗುರುತೇ ಇಲ್ಲ. ಎರಡು ರಾತ್ರಿ ನಿದ್ದೆಗೆಟ್ಟವರು ನಮ್ಮಲ್ಲಿದ್ದಾರೆ.

ನಿಜ ಏನಿತ್ತು? ತೋಟದವರ ವಸತಿ, ಕುಡಿಯುವ ನೀರು, ಮಕ್ಕಳ ಓದು, ಕೂಸಿನ ಮನೆ, ವೈದ್ಯ ಇವಕ್ಕೆ 2020ರ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯಲ್ಲಿ ಬೇರೆಯೇ ಭಾಗವಿದೆ. ಪ್ರತಿ ಕೆಲಸಗಾರನಿಗೂ ನೇಮಕ ಪತ್ರ ಕೊಡಬೇಕೆಂದು ಅದೇ ಸಂಹಿತೆ ಹೇಳುತ್ತದೆ. ಲೈನಿನಲ್ಲಿ ಹುಟ್ಟಿ, ಲೈನಿನಲ್ಲಿ ಮುದುಕರಾಗಿ, ಒಂದು ಚೂರು ಕಾಗದವನ್ನೂ ಕಾಣದ ನಮ್ಮವರಿಗೆ ಇದು ಸಣ್ಣ ಸುದ್ದಿಯೇ? ಈ ಸಂಹಿತೆಗಳಲ್ಲಿ ನಮಗೆ ಒಳ್ಳೆಯದೆಷ್ಟು, ಕೇಡೆಷ್ಟು ಎಂದು ಸಂಘಗಳು ವಾದಿಸುತ್ತಿವೆ, ವಾದಿಸಲಿ. ಆದರೆ ವಾದಕ್ಕೆ ಕೂರುವ ಮೊದಲು ವಿಷಯ ಗೊತ್ತಿರಬೇಕು. ಫೋನು ನಮಗೆ ಹೆದರಿಕೆ ತಂದುಕೊಟ್ಟಿತು, ಆಸೆ ತಂದುಕೊಟ್ಟಿತು. ನೇಮಕ ಪತ್ರದ ಮಾತನ್ನು ನಾವು ಕೇಳಿದ್ದು ಪಟ್ಟಣದಿಂದ ಒಬ್ಬರು ತಂದ ಪೇಪರಿನಿಂದ.

ಪೇಪರು ಸುಳ್ಳು ಹೇಳುವುದಿಲ್ಲವೇ? ಹೇಳುತ್ತದೆ. ಆದರೆ ಅಚ್ಚಾದ ಪೇಪರಿನ ಕೊನೆಯ ಪುಟದ ಅಡಿಯಲ್ಲಿ ನೋಡಿ. ಮುದ್ರಿಸಿದವರು ಯಾರು, ಪ್ರಕಟಿಸಿದವರು ಯಾರು, ಎಲ್ಲಿ ಅಚ್ಚಾಯಿತು, ಸಂಪಾದಕರು ಯಾರು ಎಂದು ಬರೆದಿರುತ್ತದೆ. 1867ರ ಕಾಯ್ದೆಯ ಕಾಲದಿಂದ ಇದು ನಡೆದುಬಂದಿದೆ. ಸುಳ್ಳು ಬರೆದರೆ ಹೋಗಿ ಕೇಳಲು ಒಂದು ಬಾಗಿಲಿದೆ. ಫೋನಿನ ಸುಳ್ಳಿಗೆ ಯಾವ ಬಾಗಿಲು ತಟ್ಟುತ್ತೀರಿ? ಇನ್ನೊಂದು ಮಾತು. ಫೋನು ಒಬ್ಬನ ಕೈಯಲ್ಲಿ ಒಬ್ಬನಿಗೇ ಮಾತಾಡುತ್ತದೆ. ಹಗ್ಗದ ಮೇಲಿನ ಪೇಪರು ಹತ್ತು ಜನರಿಗೆ ಒಂದೇ ಮಾತು ಹೇಳುತ್ತದೆ. ಆ ಹತ್ತು ಜನ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಸಂಘ ಹುಟ್ಟುವುದು ಅಲ್ಲಿಂದಲೇ.

"ಅಲ್ಲಿ ಬರೀ ಕೊಳಕು" ಎನ್ನುವವರಿಗೆ

ನಮ್ಮ ಹಿರಿಯರಲ್ಲಿ ಕೆಲವರು ಬೇರೆ ರೀತಿಯಲ್ಲಿ ಬೇಸರಪಡುತ್ತಾರೆ. "ಆ ಅಂಗಡಿಗಳಲ್ಲಿ ಸಿನೆಮಾ ಚಿತ್ರ, ಕೊಲೆ ಕಥೆ, ಗುಟ್ಕಾ ಚೀಟಿ. ನಮ್ಮ ಮಕ್ಕಳು ಅಲ್ಲಿ ಯಾಕೆ ನಿಲ್ಲಬೇಕು?" ಎನ್ನುತ್ತಾರೆ. ಈ ಮಾತಿನಲ್ಲಿ ನಿಜವಿದೆ, ನಾವು ಮುಚ್ಚಿಡುವುದಿಲ್ಲ. ಗುಟ್ಕಾ ಸರಗಳ ಹಿಂದೆ ಪೇಪರು ಕಾಣದಂತಾದ ಬಂಕುಗಳನ್ನು ನಾವೂ ಕಂಡಿದ್ದೇವೆ. ಕೊಳಕು ಪುಸ್ತಕವನ್ನು ಒಳಗಿನಿಂದ ತೆಗೆದುಕೊಡುವವರೂ ಇದ್ದಾರೆ.

ಆದರೆ ಯೋಚಿಸಿ. ಅವನು ಮೊದಲು ಗುಟ್ಕಾ ತೂಗುಹಾಕಿದನೋ, ಮೊದಲು ನಾವು ಪೇಪರ್ ಕೊಳ್ಳುವುದನ್ನು ಬಿಟ್ಟೆವೋ? 2020ರಲ್ಲಿ ಕೊರೋನಾ ಬಂದಾಗ ಪೇಪರಿನಲ್ಲಿ ರೋಗ ಬರುತ್ತದೆ ಎಂಬ ಹೆದರಿಕೆ ಹಬ್ಬಿ ಎಷ್ಟೋ ಮನೆಗಳವರು ಪೇಪರನ್ನು ನಿಲ್ಲಿಸಿದರು. ರೋಗ ಹೋಯಿತು. ಎಲ್ಲರೂ ಮತ್ತೆ ಪೇಪರಿಗೆ ಬರಲಿಲ್ಲ. ಬಂಕಿನವನ ಮನೆಯಲ್ಲಿಯೂ ಒಲೆ ಉರಿಯಬೇಕು. ಒಳ್ಳೆಯದನ್ನು ಕೇಳುವವರು ಬರದಿದ್ದರೆ ಕೆಟ್ಟದ್ದನ್ನು ಕೇಳುವವರೇ ಅವನಿಗೆ ಅನ್ನದಾತರು. ಅಂಗಡಿಯನ್ನು ಶುಚಿ ಮಾಡುವ ದಾರಿ ಅದನ್ನು ಬೈದು ದೂರ ನಿಲ್ಲುವುದಲ್ಲ. ಹತ್ತಿರ ಹೋಗಿ "ಇದನ್ನು ತರಿಸಿಕೊಡಿ" ಎಂದು ಕೇಳುವುದು.

ಈ ಸೀಮೆಯೇ ಸಾಕ್ಷಿ

ಓದಿದ ಅಕ್ಷರ ಬಡವರ ಕೈಯಲ್ಲಿ ಏನು ಮಾಡೀತು ಎಂದು ಕೇಳುವವರು ಆಂಧ್ರದ ನೆಲ್ಲೂರು ಜಿಲ್ಲೆಯನ್ನು ನೋಡಲಿ. 1991ರಲ್ಲಿ ಅಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಹೊಲದಲ್ಲಿ ದುಡಿಯುವ ಹೆಂಗಸರು ರಾತ್ರಿ ಕೂತು ಅಕ್ಷರ ಕಲಿತರು. ಅವರ ಪಾಠದ ಪುಸ್ತಕದಲ್ಲಿ ಒಂದು ಊರಿನ ಹೆಂಗಸರು ಸೇರಿ ಸಾರಾಯಿ ಅಂಗಡಿ ಮುಚ್ಚಿಸಿದ ಕಥೆ ಇತ್ತು. 1992ರಲ್ಲಿ ದೂಬಗುಂಟದ ಹೆಂಗಸರಿಂದ ಮೊದಲಾಗಿ ಊರೂರಿನಲ್ಲಿ ಸಾರಾಯಿ ಗಾಡಿಗಳು ನಿಂತವು. ರೋಸಮ್ಮನವರ ಹೆಸರು ಆಗ ನಾಡಿಗೆಲ್ಲ ಗೊತ್ತಾಯಿತು. ತೆಲುಗು ಪತ್ರಿಕೆಗಳು, ಅದರಲ್ಲೂ ಈನಾಡು, ಆ ಸುದ್ದಿಯನ್ನು ದಿನವೂ ಹೊತ್ತವು. ಒಂದು ಊರಿನಲ್ಲಿ ನಡೆದದ್ದು ಮರುದಿನ ಇನ್ನೊಂದು ಊರಿನ ಬಂಕಿನ ಹಗ್ಗದ ಮೇಲಿತ್ತು. 1993ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. 1995ರ ಜನವರಿಯಲ್ಲಿ ಪೂರ್ಣ ಪಾನನಿಷೇಧವನ್ನು ತಂದ ಮುಖ್ಯಮಂತ್ರಿ ಎನ್.ಟಿ. ರಾಮರಾವ್, ಇದೇ ಹಿಂದೂಪುರದಿಂದ ವಿಧಾನಸಭೆಗೆ ಗೆದ್ದುಬಂದವರು. 1997ರಲ್ಲಿ ಆ ನಿಷೇಧ ಸಡಿಲವಾಯಿತು, ಅದು ಬೇರೆ ದುಃಖ. ಆದರೆ ಕೂಲಿಯ ಹೆಂಗಸರು ಒಂದು ಸರ್ಕಾರವನ್ನು ಬಗ್ಗಿಸಿದ್ದು ಸುಳ್ಳಲ್ಲ. ಅವರ ಕೈಯಲ್ಲಿ ಪೊರಕೆ ಇತ್ತು, ಅಕ್ಷರವಿತ್ತು. ಅವರ ಸುದ್ದಿಯನ್ನು ಬೀದಿಗೆ ತಂದು ತೂಗುಹಾಕುವ ಅಂಗಡಿಗಳಿದ್ದವು.

ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗರು 1843ರ ಜುಲೈ 1ರಂದು ಹೊರಡಿಸಿದರು. ಆ ದಿನವನ್ನು ನಾವು ಇಂದಿಗೂ ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಮಾರನೆಯ ವರ್ಷ ಆ ಪತ್ರಿಕೆ ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರ ಎಂಬ ಹೆಸರು ಪಡೆಯಿತು. ಆಗ ಕಲ್ಯಾಣದುರ್ಗದ ಸೀಮೆ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಅನಂತಪುರ ಜಿಲ್ಲೆ ಬೇರೆಯಾದದ್ದು 1882ರಲ್ಲಿ. ಕನ್ನಡ ಪತ್ರಿಕೆ ನಡೆಯಲು ಕಲಿತ ಅಂಗಳ ಅದು. ಆ ಅಂಗಳದಲ್ಲಿ ಇಂದು ನಾಲ್ಕು ಪ್ರತಿ ಕನ್ನಡ ಪೇಪರು ಮೂಲೆಯಲ್ಲಿ ನಿಂತಿದ್ದರೆ ನಾಚಿಕೆಪಡಬೇಕಾದವರು ಯಾರು? ಗಡಿಯಾಚೆಗೆ ನಾಲ್ಕು ಕಟ್ಟು ಕಳಿಸಲು ಲೆಕ್ಕ ಹಾಕುವ ಪತ್ರಿಕೆಯ ಧಣಿಗಳೂ ನಾಚಬೇಕು, ನಾಲ್ಕು ಕಾಸು ಬಿಚ್ಚದ ನಾವೂ ನಾಚಬೇಕು.

ಊರ ಬಾಗಿಲು

ಸತ್ಯವೇದದಲ್ಲಿ ರೂತಳ ಕಥೆ ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ. ಅವಳು ಯಾರು? ಬರದಿಂದ ಕೆಟ್ಟ ಮನೆಯ ಸೊಸೆ, ಪರದೇಶದವಳು, ಬೇರೆಯವರ ಹೊಲದಲ್ಲಿ ಹಕ್ಕಲು ಆಯ್ದು ಅತ್ತೆಯನ್ನು ಸಾಕಿದವಳು. ಈಗ ಹೇಳುವುದಾದರೆ ವಲಸೆ ಕೂಲಿಯ ಹೆಂಗಸು. ಅವಳ ಬದುಕಿನ ತೀರ್ಮಾನ ಎಲ್ಲಿ ನಡೆಯಿತು? ಬೋವಜನ ಮನೆಯ ಒಳಕೋಣೆಯಲ್ಲಲ್ಲ. ಊರ ಬಾಗಿಲಲ್ಲಿ, ಹತ್ತು ಮಂದಿ ಹಿರಿಯರನ್ನು ಕೂರಿಸಿಕೊಂಡು, ಹೋಗುವ ಬರುವ ಜನರು ಕೇಳುವಂತೆ. ಅಂದಿನ ಜನ ಊರ ಬಾಗಿಲನ್ನು ನ್ಯಾಯದ ಜಾಗ ಎಂದು ಇಟ್ಟುಕೊಂಡದ್ದು ಇದಕ್ಕಾಗಿಯೇ. ಬಾಗಿಲಲ್ಲಿ ಆಡಿದ ಮಾತನ್ನು ನುಂಗಿಹಾಕಲಾಗುವುದಿಲ್ಲ.

ನಮ್ಮ ಊರಿಗೆ ಇಂದು ಬಾಗಿಲು ಎಂದರೆ ಬಸ್ ನಿಲ್ದಾಣ. ಅಲ್ಲಿ ನಾಡಿನ ಮಾತನ್ನು ಎಲ್ಲರ ಕಣ್ಣಿಗೂ ಬೀಳುವಂತೆ ತೂಗುಹಾಕುವವನು ಪೇಪರಿನವನು. ಅವನನ್ನು ಎಬ್ಬಿಸಿದರೆ ಬಾಗಿಲಿನ ಮಾತು ಒಳಕೋಣೆಗೆ ಹೋಗುತ್ತದೆ. ಒಳಕೋಣೆಯಲ್ಲಿ ತೀರ್ಮಾನವಾದ ಕೂಲಿ ನಮಗೆ ಎಂದೂ ಸಾಲುವುದಿಲ್ಲ.

ನಮ್ಮ ತಪ್ಪು, ನಮ್ಮ ಕೆಲಸ

ಬೇರೆಯವರನ್ನು ಬೈದು ಮುಗಿಸುವುದು ಸುಲಭ. ನಮ್ಮ ಬಳಗದ ಲೆಕ್ಕವನ್ನೂ ತೆರೆದಿಡುತ್ತೇವೆ. ಕಳೆದ ವರ್ಷ ನಮ್ಮ ಕೂಟಗಳಲ್ಲಿ ಎಷ್ಟು ಕಡೆ ಪೇಪರ್ ಓದಿದೆವು? ಒಂದೆರಡು ಕಡೆ. ಬಂಗಲೆಯಿಂದ ಮೂರು ದಿನದ ಹಳೆಯ ಪೇಪರು ಬಿಟ್ಟಿ ಬರುತ್ತದೆಂದು ಸುಮ್ಮನಿದ್ದೆವು. ಬಿಟ್ಟಿ ಪೇಪರಿನಲ್ಲಿ ಕೂಲಿಯ ಸುದ್ದಿ ಇರುವ ಪುಟ ಎಷ್ಟು ಸಲ ಇರಲೇ ಇಲ್ಲ ಎಂಬುದನ್ನು ಯಾರಾದರೂ ಗಮನಿಸಿದಿರಾ? ಬೇಕೆಂದೇ ತೆಗೆದರು ಎಂದು ನಾವು ಹೇಳುತ್ತಿಲ್ಲ. ಆದರೆ ನಮ್ಮ ಕಾಸಿನಲ್ಲಿ ಕೊಂಡ ಪೇಪರಿನ ಪುಟಗಳನ್ನು ನಾವೇ ಎಣಿಸಿಕೊಳ್ಳಬಹುದು.

ಆದ್ದರಿಂದ ಈ ಯುಗಾದಿಯಿಂದ ಮಾಡಬೇಕಾದದ್ದನ್ನು ಹೇಳುತ್ತೇವೆ.

ಒಂದು. ಹತ್ತು ಮನೆಗೆ ಒಂದು ಪೇಪರು. ಹತ್ತು ಮನೆ ಸೇರಿದರೆ ಒಂದು ಮನೆಗೆ ದಿನಕ್ಕೆ ಒಂದು ರೂಪಾಯಿಯ ಆಸುಪಾಸು ಬೀಳುತ್ತದೆ, ಒಂದು ಬೀಡಿ ಕಟ್ಟಿಗೂ ಸಾಲದ ಕಾಸು. ಪಟ್ಟಣದ ಬಂಕಿನಿಂದಲೇ ತರಿಸಿ. ಹಾಲಿನ ಗಾಡಿಯವರೋ ಶಾಲೆಗೆ ಹೋಗುವ ಮಕ್ಕಳೋ ತಂದುಕೊಡಲಿ.

ಎರಡು. ಸಂಜೆ ಕೂಟದಲ್ಲಿ ಗಟ್ಟಿಯಾಗಿ ಓದಿ. ಓದುವವರು ಆದಷ್ಟೂ ಹೆಣ್ಣುಮಕ್ಕಳಾಗಲಿ. ಕೂಲಿ, ಕಾಯ್ದೆ, ಆಸ್ಪತ್ರೆ, ಶಾಲೆ ಇವುಗಳ ಸುದ್ದಿಯನ್ನು ಕತ್ತರಿಸಿ ತಾರೀಖಿನೊಡನೆ ಒಂದು ನೋಟ್‌ಬುಕ್ಕಿಗೆ ಅಂಟಿಸಿ. ಆ ಎರಡು ತಿಂಗಳು ಇನ್ನೆಂದೂ ಕೈತಪ್ಪಬಾರದು.

ಮೂರು. ಹಿಂದೂಪುರ, ಕಲ್ಯಾಣದುರ್ಗದ ಕಡೆಗೆ ಹೋಗುವವರು ಬಂಕಿನ ಮುಂದೆ ನಿಂತು ಕನ್ನಡದ ಪೇಪರನ್ನು ಹೆಸರಿಟ್ಟು ಕೇಳಿ. ಇಲ್ಲವೆಂದರೆ ನಾಳೆಯೂ ಹೋಗಿ ಕೇಳಿ. ತೆಲುಗು ಓದಬಲ್ಲವರು ತೆಲುಗಿನದನ್ನೂ ಕೊಳ್ಳಿ, ಅಲ್ಲಿನ ಸರ್ಕಾರದ ಮಾತು ಅದರಲ್ಲಿದೆ. 2022ರ ಏಪ್ರಿಲ್ 4ರಿಂದ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಇದು ಗೊತ್ತಿಲ್ಲದ ಹಿಂದೂಪುರದ ಕಡೆಯವರೊಬ್ಬರು ಪಿಂಚಣಿಯ ಅರ್ಜಿ ಹಿಡಿದು ಪುಟ್ಟಪರ್ತಿಗೆ ಹೋಗುವ ಬದಲು ಅನಂತಪುರಕ್ಕೆ ಹೋಗಿ, ಎರಡು ದಿನದ ಕೂಲಿ ಕಳೆದುಕೊಂಡು ಬಂದರು.

ನಾಲ್ಕು. ಬಂಕನ್ನು ಎತ್ತಲು ಬಂದರೆ ನೋಡುತ್ತಾ ನಿಲ್ಲಬೇಡಿ. ಗಲಾಟೆಯೂ ಬೇಡ, ಕಲ್ಲೂ ಬೇಡ. ನಾಲ್ಕು ಜನ ಹತ್ತಿರ ಹೋಗಿ ಮೂರು ಮಾತು ಕೇಳಿ: ಎಣಿಕೆ ಆಗಿದೆಯೇ, 30 ದಿನದ ನೋಟೀಸು ಎಲ್ಲಿ, ಎತ್ತಿದ ಸಾಮಾನಿನ ಪಟ್ಟಿ ಎಲ್ಲಿ? ಉತ್ತರವನ್ನು ಬರೆದುಕೊಳ್ಳಿ. ಕೇಳುವವರಿದ್ದಾರೆ ಎಂದು ಗೊತ್ತಾದರೆ ಎತ್ತುವ ಕೈ ಸ್ವಲ್ಪ ತಡೆಯುತ್ತದೆ.

ಐದು. ಈ ನಮ್ಮ ಪತ್ರಿಕೆಯ ಹತ್ತು ಪ್ರತಿಗಳನ್ನು ಇನ್ನು ಮುಂದೆ ಬಂಕುಗಳಲ್ಲಿ ಇಡಿಸುತ್ತೇವೆ. ಬಿಟ್ಟಿಯಾಗಿ ಅಲ್ಲ. ಅಂಗಡಿಯವನ ಪಾಲನ್ನು ಅವನಿಗೆ ಕೊಟ್ಟು ಇಡಿಸುತ್ತೇವೆ. ಕೂಲಿಯವರ ಪತ್ರಿಕೆ ಕೂಲಿಯವನ ಹೊಟ್ಟೆಗೆ ಹೊಡೆಯಬಾರದು.

ಪ್ರಿಯರೇ, ಕಡಲೆ ಪೊಟ್ಟಣವನ್ನು ಬಿಡಿಸಿ ಓದಿದ ಆ ಹುಡುಗಿ ಈಗ ಕಾಲೇಜಿಗೆ ಹೋಗುತ್ತಿದ್ದಾಳೆ. ಮೊನ್ನೆ ಪಟ್ಟಣದಿಂದ ಬರುವಾಗ ಅಂದಿನ ಪೇಪರು ತಂದು ಲೈನಿನ ಜಗಲಿಯ ಮೇಲೆ ಕೂತು ಓದಿ ಹೇಳಿದಳು. ತಾಯಿ ಬುಟ್ಟಿ ಹೆಣೆಯುತ್ತಾ ಕೇಳಿದರು. ಮುಗಿದ ಮೇಲೆ "ತಾರೀಖು ಯಾವತ್ತಿಂದು ನೋಡವ್ವಾ" ಎಂದರು.

"ಇವತ್ತಿಂದೇ ಅಮ್ಮಾ" ಎಂದಳು ಮಗಳು.